ಹೊಲ ಮಾವನದು, ಮರ ಅಮ್ಮನದು

ಮಿರ್ಸಿನಿ ಗ್ರೀಸಿನ ದ್ವೀಪವೊಂದರಲ್ಲಿದ್ದ ತನ್ನ ಸ್ವಂತ ಊರು ಸ್ಕಿನಾರಿಯ ಹೈಸ್ಕೂಲಿಗೆ ಭೂಗೋಳದ ಟೀಚರಾಗಿ ಬಂದಿಳಿದ ದಿನ, ಕಾಫಿ ಅಂಗಡಿಯ ಮುಂದೆ ಕೂತಿದ್ದ ಮುದುಕರು ಕೇಳಿದ್ದು ಒಂದೇ ಮಾತು: "ಈ ಸಲ ಎಷ್ಟು ತಿಂಗಳಿಗಮ್ಮ?"

ಅವರು ಹಾಗೆ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಓದು ಮುಗಿಸಿದ ಮೇಲೆ ಅವಳ ಪ್ರಾಯವೆಲ್ಲ ಬದಲಿ ಶಿಕ್ಷಕಿಯಾಗಿಯೇ ಸವೆದಿತ್ತು. ಸೆಪ್ಟೆಂಬರ್ ಬಂತೆಂದರೆ ಎಲ್ಲಿಗೋ ಕಳಿಸುತ್ತಿದ್ದರು, ಜೂನ್ ಬಂತೆಂದರೆ ಮನೆಗೆ ಕಳಿಸುತ್ತಿದ್ದರು. ಒಂದು ವರ್ಷ ಅಲ್ಬೇನಿಯಾ ಗಡಿಯ ಹಿಮದ ಊರು, ಮರುವರ್ಷ ಆಡುಗಳಷ್ಟೇ ನೆಮ್ಮದಿಯಾಗಿರುವ ಒಂದು ಕಲ್ಲು ದ್ವೀಪ. ಬಾಡಿಗೆ ಕೋಣೆಗಳ ಗೋಡೆಗೆ ಅವಳು ಒಂದು ಮೊಳೆಯನ್ನೂ ಹೊಡೆದವಳಲ್ಲ. ಮಕ್ಕಳ ಹೆಸರು ಬಾಯಿಗೆ ಹತ್ತುವ ಹೊತ್ತಿಗೆ ಬೀಳ್ಕೊಡುಗೆ. ಮದುವೆಯ ಮಾತು ಕೆಲವು ಕಡೆ ಬಂದು, ಹಡಗು ಬಿಡುವ ಹೊತ್ತಿಗೆ ತಾನಾಗಿ ನಿಂತುಹೋಗಿತ್ತು. ಅವಳು ಎಲ್ಲಿದ್ದರೂ ಹುಡುಕಿಕೊಂಡು ಬರುತ್ತಿದ್ದುದು ಅಮ್ಮನ ಮರಗಳ ಎಣ್ಣೆ ಒಂದೇ. ಬಸ್ ಡ್ರೈವರುಗಳ ಕೈಯಲ್ಲೋ ಹಡಗಿನ ಅಡುಗೆಯವರ ಕೈಯಲ್ಲೋ ಅಮ್ಮ ಹೇಗಾದರೂ ಮಾಡಿ ಕಳಿಸುತ್ತಿದ್ದಳು.

"ಇನ್ನು ಹೋಗಲ್ಲ ಮಾವ, ಖಾಯಂ ಆಯ್ತು," ಎಂದಳು ಮಿರ್ಸಿನಿ. ಮುದುಕರ ನಡುವೆ ಅವಳ ಸೋದರಮಾವ ಪ್ರೋದ್ರೋಮೊಸ್ ಕೂತಿದ್ದ.

"ಖಾಯಂ ಆಗೋ ಹೊತ್ತಿಗೆ ತಲೆ ಬೆಳ್ಳಗಾಯ್ತಲ್ಲೇ," ಎಂದ ಅವನು. "ಇರ್ಲಿ, ಕೂತ್ಕೋ. ಕಾಫಿ ನಂದು."

ಸ್ಕಿನಾರಿಯಲ್ಲಿ ಹಿಂದಿನಿಂದಲೂ ನೆಲಕ್ಕೆ ಒಬ್ಬರು ಒಡೆಯರಾದರೆ ಮರಕ್ಕೆ ಇನ್ನೊಬ್ಬರು. ಅಪ್ಪನಾದವನು ಹೊಲವನ್ನು ಮಗನಿಗೆ ಬಿಡುತ್ತಾನೆ. ಅದೇ ಹೊಲದ ಒಂದಿಷ್ಟು ಆಲಿವ್ ಮರಗಳನ್ನು ಮಗಳಿಗೆ ಮದುವೆಯಲ್ಲಿ ಬಳುವಳಿ ಕೊಡುತ್ತಾನೆ. ಆಮೇಲೆ ಹುಲ್ಲು ಅಣ್ಣನ ಕುರಿಗೆ, ಕಾಯಿ ತಂಗಿಗೆ. ಯಾವ ಮರ ಯಾರದೆಂದು ಎಲ್ಲೂ ಗುರುತು ಹಾಕುವುದಿಲ್ಲ. ಗುರುತು ಹಾಕುವುದೆಂದರೆ ಒಡಹುಟ್ಟಿದವರ ಮೇಲೆ ಅನುಮಾನ ಪಟ್ಟಂತೆ.

ಹಾಗೆ ಬಂದ ಮರಗಳೇ ಅಮ್ಮ ಅಮೆರ್ಸೂದಾಳವು. ಅವಳಿಗೆ ತನ್ನದೆಂದು ಹೇಳಿಕೊಳ್ಳಲು ಬೇರೇನೂ ಇರಲಿಲ್ಲ. ಗಂಡ ಹಡಗಿನ ಕೆಲಸಕ್ಕೆ ಹೋದವನು ಪಿರೇಯಸ್ ಬಂದರಿನಲ್ಲಿ ಇನ್ನೊಂದು ಸಂಸಾರ ಹೂಡಿ ಕೂತಿದ್ದ. ಇರುವ ಮನೆ ಗಂಡನ ತಮ್ಮಂದಿರದು. ಹೋಗಲಿ ಪಾಪ ಎಂದು ಬಿಟ್ಟುಕೊಟ್ಟಿದ್ದರು, ಆ 'ಪಾಪ'ವನ್ನು ವರ್ಷಕ್ಕೊಮ್ಮೆಯಾದರೂ ನೆನಪಿಸುತ್ತಿದ್ದರು. ನವೆಂಬರಿನಲ್ಲಿ ಮರದ ಕೆಳಗೆ ಹಾಸುವ ಬಲೆ ಹೆಗಲಿಗೆ ಹಾಕಿಕೊಂಡು, ಕಾಯಿ ಬಡಿಯುವ ಕೋಲು ಹಿಡಿದು ಅಣ್ಣನ ಹೊಲಕ್ಕೆ ಹೋಗುವಾಗ ಮಾತ್ರ ಅವಳು ಯಾರನ್ನೂ ಏನೂ ಕೇಳಬೇಕಾಗಿರಲಿಲ್ಲ. ಆ ದಿನಗಳಲ್ಲಿ ಅವಳ ನಡಿಗೆಯೇ ಬೇರೆಯಾಗುತ್ತಿತ್ತು. ಬೆಳಿಗ್ಗೆ ಕುರಿ ಬಿಡಲು ಬಂದ ಪ್ರೋದ್ರೋಮೊಸ್ ದೂರದಿಂದಲೇ ಕೂಗುತ್ತಿದ್ದ.

"ಯಾರದು ಮರದ ಕೆಳಗೆ? ಕಳ್ಳಿ!"

"ನಾನೇ ಕಣೋ. ಕಾಯಿ ಆದ್ಮೇಲೆ ಕುರೀನೂ ಹೊಡ್ಕೊಂಡು ಹೋಗ್ತೀನಿ, ಎಣಿಸಿಟ್ಕೋ."

"ಕುರಿ ಬೇಡ, ಅತ್ತಿಗೇನ ಹೊಡ್ಕೊಂಡು ಹೋಗು. ಪುಣ್ಯ ಬರತ್ತೆ."

ಪ್ರತಿ ವರ್ಷ ಅದೇ ಮಾತು, ಅದೇ ನಗು.

ಶಾಲೆಯಲ್ಲಿ ಹಳೆಯ ಕಂಪ್ಯೂಟರುಗಳ ಒಂದು ಕೋಣೆಯಿತ್ತು. ಅದಕ್ಕೆ ಬೀಗ ಹಾಕಿ ಮೇಷ್ಟ್ರುಗಳು ಬೀಗದ ಕೈ ಮರೆತಿದ್ದರು. ಮಿರ್ಸಿನಿ ಅದನ್ನು ತೆಗೆಸಿ, ಧೂಳು ಹೊಡೆದು, ಮಕ್ಕಳನ್ನು ಕೂರಿಸಿದಳು. ಗೋಡೆಯ ಮೇಲಿನ ನಕ್ಷೆಯನ್ನು ಕೋಲಿನಿಂದ ಮುಟ್ಟಿ ತೋರಿಸುವುದು ಅವಳಿಗೆ ಸಾಕಾಗಿತ್ತು. ಅಷ್ಟು ವರ್ಷ ಬೇರೆಯವರ ಊರುಗಳಲ್ಲಿ ಹಾಗೇ ಕಲಿಸಿದ್ದಳು. ಈಗ ತನ್ನ ಊರನ್ನು ಮಕ್ಕಳ ಕೈಯಲ್ಲೇ ಇಂಟರ್ನೆಟ್ಟಿನ ನಕ್ಷೆಯ ಮೇಲೆ ಬರೆಸಬೇಕೆಂಬ ಆಸೆ ಹತ್ತಿತ್ತು.

"ಮೊದಲು ನಿಮ್ಮ ನಿಮ್ಮ ಮನೆಯ ಮಾಡು ಹುಡುಕಿ," ಎಂದಳು ಮೊದಲ ದಿನ.

ಆಕಾಶದಿಂದ ತೆಗೆದ ಚಿತ್ರದಲ್ಲಿ ಊರು ನಿಧಾನವಾಗಿ, ತುಂಡು ತುಂಡಾಗಿ ಪರದೆಯ ಮೇಲೆ ಇಳಿಯಿತು. ಮೊದಲು ಮಬ್ಬು, ಆಮೇಲೆ ಹೆಂಚಿನ ಕೆಂಪು, ಆಮೇಲೆ ಗಂಟೆಗೋಪುರದ ನೆರಳು. ಮಕ್ಕಳ ಕೂಗಾಟ ಹೆಡ್‌ಮಾಸ್ಟರ ಕೋಣೆಯವರೆಗೂ ಕೇಳಿತು.

"ಮಿಸ್, ನಮ್ಮಜ್ಜಿ ಬಟ್ಟೆ ಒಣಗಾಕಿರೋದೂ ಕಾಣ್ತಿದೆ!" ಎಂದ ಥೆಮಿಸ್ ಎಂಬ ಹುಡುಗ. "ಇದನ್ನ ಅಜ್ಜಿಗೆ ಹೇಳಿದ್ರೆ ಅಷ್ಟೇ. ಲೋಕವೆಲ್ಲ ನನ್ನ ಲಂಗ ನೋಡ್ತಲ್ಲಪ್ಪಾ ಅಂತ ಚರ್ಚಿಗೇ ಹೋಗಲ್ಲ ಅವಳು."

ಆಮೇಲೆ ಚುಕ್ಕೆ, ಗೆರೆ, ಸುತ್ತು. ಬಾವಿಗೆ, ಬೆಟ್ಟದ ಪುಟ್ಟ ಗುಡಿಗೆ ಒಂದೊಂದು ಚುಕ್ಕೆ. ದಾರಿಗೆ ಗೆರೆ. ಹೊಲಕ್ಕೆ ಸುತ್ತು, ಒಂದು ಮೂಲೆಯಲ್ಲಿ ಒತ್ತಬೇಕು, ಕಲ್ಲುಗೋಡೆ ತಿರುಗಿದಲ್ಲೆಲ್ಲ ಒತ್ತುತ್ತ ಹೋಗಬೇಕು, ಕೊನೆಗೆ ಮೊದಲ ಮೂಲೆಗೇ ಬಂದು ಒತ್ತಿದರೆ ಸುತ್ತು ಮುಚ್ಚಿಕೊಂಡು ಒಳಗೆಲ್ಲ ಬಣ್ಣ ತುಂಬುತ್ತದೆ. ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟಂತೆ ಬೇರೆ ಬೇರೆ ಪದರ ಮಾಡಬಹುದೆಂದು ತೋರಿಸಿದಳು. ಬೇಡವಾದ ಪದರವನ್ನು ಅಳಿಸುವುದು ಹೇಗೆಂದೂ ತೋರಿಸಿದಳು. ಎಲ್ಲರೂ ಸೇರಿ ಬರೆಯುವ ನಕ್ಷೆ ಅವಳ ಹೆಸರಿನಲ್ಲಿತ್ತು. ಬೇಕೆಂದವರು ಅದರದೊಂದು ಪ್ರತಿ ತಮ್ಮ ಹತ್ತಿರವೂ ಇಟ್ಟುಕೊಳ್ಳಬಹುದಿತ್ತು.

ಸುತ್ತು ಹಾಕುವ ಆಟಕ್ಕೆ ಊರೇ ಮರುಳಾಯಿತು. ಮಕ್ಕಳು ಫೋನು ಹಿಡಿದು ಕಲ್ಲುಗೋಡೆಗಳ ಉದ್ದಕ್ಕೂ ನಡೆದರು. ಕಾಫಿ ಅಂಗಡಿಯ ಮುದುಕರು ಒಬ್ಬೊಬ್ಬರಾಗಿ ಶಾಲೆಗೆ ಬಂದು, ಚಿಕ್ಕ ಬೆಂಚಿನಲ್ಲಿ ಮೊಣಕಾಲು ಮಡಿಸಲಾಗದೆ ಕೂತು, ಪರದೆಗೆ ಮೂಗು ತಾಗಿಸಿ, "ಅಲ್ಲಲ್ಲ, ಗೋಡೆ ಅಲ್ಲಿ ಒಳಗೆ ತಿರುಗತ್ತೆ, ಅದು ಅವನದಲ್ಲ ನಂದು," ಎಂದು ಜಗಳವಾಡಿದರು. ಪ್ರೋದ್ರೋಮೊಸನೂ ಬಂದ.

"ನನ್ನ ಹೊಲಕ್ಕೆ ಏನು ಬಣ್ಣ?"

"ಹಸಿರು ಹಾಕ್ಲಾ ಮಾವ?"

"ಹಸಿರು ಅಲ್ಲೇ ಇದೆಯಲ್ಲೇ, ಅದನ್ನೇನು ನೀನು ಹಾಕೋದು? ನೀಲಿ ಹಾಕು. ಸಮುದ್ರ ಬಂದು ಹೊಲದಲ್ಲಿ ಕೂತಿರ್ಲಿ."

ಅವನ ಹೊಲ ನೀಲಿಯಾಯಿತು.

ಆ ತರಗತಿಯಲ್ಲಿ ರಲ್ಲೂ ಎಂಬ ಹುಡುಗಿಯಿದ್ದಳು. ಮಾತು ಕಡಿಮೆ, ಹೇಳಿದ ಕೆಲಸವನ್ನು ಹೇಳಿದ್ದಕ್ಕಿಂತ ಸ್ವಲ್ಪ ಮುಂದಕ್ಕೆ ಮಾಡುವವಳು. ಅವಳು ಅಜ್ಜಿ ಕ್ರಿಸ್ತಾಲೊಳ ಜೊತೆ ಹೋಗಿ, ಬೇರೆಯವರ ಹೊಲಗಳಲ್ಲಿ ನಿಂತಿದ್ದ ಅಜ್ಜಿಯ ಮರಗಳಿಗೆಲ್ಲ ಒಂದೊಂದು ಕೆಂಪು ಚುಕ್ಕೆ ಇಟ್ಟಳು. ಅದನ್ನು ಕೇಳಿ ಪಕ್ಕದ ಮನೆಯ ಮುದುಕಿ, "ನಂದೂ ಹಾಕು ಮಗಾ," ಎಂದಳು. ಅವಳ ತಂಗಿ ಬಂದಳು. ರೊಟ್ಟಿ ಅಂಗಡಿಯವಳು ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಬೆಟ್ಟದ ಕಡೆ ಬೆರಳು ತೋರಿಸಿದಳು. ವಾರ ಕಳೆಯುವುದರಲ್ಲಿ ಊರಿನ ಹೆಂಗಸರ ಮರಗಳೆಲ್ಲ ಒಂದು ಪದರವಾದವು. ಯಾವ ಚುಕ್ಕೆ ಒತ್ತಿದರೂ ಒಬ್ಬ ಹೆಂಗಸಿನ ಹೆಸರು ಏಳುತ್ತಿತ್ತು. ಮಾವನ ನೀಲಿ ಹೊಲದ ಮೇಲಿನ ಚುಕ್ಕೆಯೊಂದನ್ನು ಮಿರ್ಸಿನಿ ಒತ್ತಿದಳು. 'ಅಮೆರ್ಸೂದಾ' ಎಂದು ಬಂತು. ಅಮ್ಮನ ಹೆಸರನ್ನು ಅಚ್ಚಿನ ಅಕ್ಷರದಲ್ಲಿ ಅವಳು ಅದುವರೆಗೆ ಎಲ್ಲೂ ನೋಡಿರಲಿಲ್ಲ. ಇನ್ನೊಂದು ಒತ್ತಿದಳು. ಮತ್ತೆ ಅಮ್ಮ. ನಗು ಬಂತು. ಮನೆಗೆ ಹೋದವಳು ಹೇಳಿದಾಗ ಅಮ್ಮನೂ ನಕ್ಕಳು.

"ಹೌದಾ? ಇಡೀ ಲೋಕಕ್ಕೆ ಕಾಣತ್ತಾ? ಪಿರೇಯಸ್ಸಿಗೂ ಕಾಣತ್ತಾ?"

"ಕಾಣತ್ತಮ್ಮ."

"ಕಾಣ್ಲಿ," ಎಂದಳು ಅಮ್ಮ.

ವಸಂತದಲ್ಲಿ ಬಂದರು ಪಟ್ಟಣದಲ್ಲಿ ದ್ವೀಪದ ಶಾಲೆಗಳ ನಕ್ಷೆಗಳ ಪ್ರದರ್ಶನ ಏರ್ಪಾಡಾಯಿತು. ಮುನ್ನಾದಿನ ಹೆಡ್‌ಮಾಸ್ಟರು ಪರದೆಯನ್ನು ದೂರದಿಂದ ಒಮ್ಮೆ ನೋಡಿ, ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿ, "ಎಲ್ಲಾ ಚೆನ್ನಾಗಿದೆ ಮಿರ್ಸಿನಿ ಮೇಡಂ. ಆದ್ರೆ ಊರಿಗೆ ದಡಾರ ಎದ್ದ ಹಾಗಿದೆಯಲ್ಲ?" ಎಂದರು.

ಅವರು ಹೇಳಿದ ಮೇಲೆ ಅವಳಿಗೂ ಹಾಗೇ ಕಂಡಿತು. ನೀಲಿ, ಹಳದಿ, ನೇರಳೆ ಹೊಲಗಳು ಒಂದಕ್ಕೊಂದು ಅಂಟಿಕೊಂಡು ಎಷ್ಟು ಚೆಂದವಿದ್ದವು! ಅದರ ಮೇಲೆಲ್ಲ ಕೆಂಪು ಗುಳ್ಳೆ. ಅಷ್ಟು ವರ್ಷ ಪೆಟ್ಟಿಗೆ ಹೊತ್ತು ಅಲೆದವಳು, ಮೊದಲ ಸಲ ತನ್ನ ಕೆಲಸವನ್ನು ನಾಲ್ಕು ಜನರ ಮುಂದೆ ಇಡುವವಳಿದ್ದಳು. ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಆ ಕೆಂಪು ಚುಕ್ಕೆಗಳ ಪದರವನ್ನು ಆಯ್ದುಕೊಂಡಳು. ಅದನ್ನು ಕಾಣದಂತೆ ಮುಚ್ಚಿಡಲೂ ಬರುತ್ತಿತ್ತು. ಆದರೆ ಅಲ್ಲಿ ನಾಳೆ ಯಾರಾದರೂ ಕೈತಪ್ಪಿ ಒತ್ತಿದರೆ ಮತ್ತೆ ಕಾಣುತ್ತದಲ್ಲ ಎಂದುಕೊಂಡಳು. ನಿಜವಾಗಿ ಅಳಿಸಬೇಕೇ ಎಂದು ಕಂಪ್ಯೂಟರ್ ಕೇಳಿತು. ಹೌದು ಎಂದು ಒತ್ತಿದಳು. ಊರು ಚೊಕ್ಕಟವಾಯಿತು.

ಮರುದಿನ ಬಸ್ಸು ಹತ್ತುವ ಮೊದಲು ರಲ್ಲೂ ಕೇಳಿದಳು. "ಮಿಸ್, ಅಜ್ಜಿಯರೆಲ್ಲ ಎಲ್ಲಿ ಹೋದ್ರು?"

"ಆಮೇಲೆ ಹಾಕ್ಕೊಳ್ಳೋಣ ರಲ್ಲೂ. ಮರ ಹೇಗೂ ಚಿತ್ರದಲ್ಲೇ ಕಾಣ್ತಾವಲ್ಲ."

"ಮರ ಕಾಣ್ತವೆ ಮಿಸ್. ಯಾರದು ಅಂತ ಕಾಣಲ್ಲ."

"ಬಸ್ಸು ಹತ್ತು, ಹೊತ್ತಾಯ್ತು," ಎಂದಳು ಮಿರ್ಸಿನಿ.

ಸ್ಕಿನಾರಿಯ ನಕ್ಷೆಗೆ ಮೊದಲ ಬಹುಮಾನ ಬಂತು. ಅದರ ದೊಡ್ಡ ಪ್ರತಿಯೊಂದನ್ನು ಕಾಫಿ ಅಂಗಡಿಯವನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ. ಮುದುಕರು ಊಜೋ ಎಂಬ ಸೋಂಪಿನ ಸಾರಾಯಿ ಕುಡಿಯುತ್ತ ತಮ್ಮ ತಮ್ಮ ಬಣ್ಣದ ಕೆಳಗೆ ಕೂರಲು ಶುರುಮಾಡಿದರು. ಆಮೇಲೆ ಪರೀಕ್ಷೆ, ಬೇಸಿಗೆ ರಜೆ, ಹೊಸ ವರ್ಷದ ಪಾಠ. ಅಳಿಸಿದ ಪದರವನ್ನು ಮತ್ತೆ ಹಾಕುವುದು ಹಾಗೇ ಉಳಿಯಿತು.

ಅಷ್ಟರಲ್ಲಿ ಜಮೀನು ನೋಂದಣಿ ಆ ದ್ವೀಪಕ್ಕೂ ಬಂತು. ಯಾರ್ಯಾರ ನೆಲ ಎಲ್ಲೆಲ್ಲಿ ಎಂದು ಎಲ್ಲರೂ ನಕ್ಷೆಯ ಮೇಲೆ ತೋರಿಸಿ ಹೇಳಿಕೆ ಕೊಡಬೇಕಿತ್ತು. ಅಕ್ಕಪಕ್ಕದ ಊರಿನವರು ಆಕಾಶದ ಚಿತ್ರದಲ್ಲಿ ತಮ್ಮ ಹೊಲ ಗುರುತಿಸಲಾಗದೆ ದುಡ್ಡು ಕೊಟ್ಟು ಅಳತೆಯವರನ್ನು ಕರೆಸುತ್ತಿದ್ದರೆ, ಸ್ಕಿನಾರಿಯವರು ನಕ್ಕರು. "ನಮಗೆ ಶಾಲೆ ನಕ್ಷೆ ಇದೆಯಲ್ಲ!" ಸಂಜೆ ಹೊತ್ತು ಪಂಚಾಯತಿ ಕೋಣೆಯಲ್ಲಿ ಮಿರ್ಸಿನಿಯೇ ಕೂತು, ಒಬ್ಬೊಬ್ಬರ ಸುತ್ತನ್ನೂ ತೆಗೆದು ಮುದ್ರಿಸಿ ಕೊಟ್ಟಳು. ಅವಳ ಬಾಳಿನಲ್ಲಿ ಅಷ್ಟು ಜನ ಅವಳಿಗಾಗಿ ಕಾದು ನಿಂತದ್ದು ಆಗ ಮಾತ್ರ. ಸಾಲಿನಲ್ಲಿ ಇದ್ದವರೆಲ್ಲ ಗಂಡಸರು. ಹೊಲದ ವಿಷಯವಲ್ಲವೇ ಎಂದು ಹೆಂಗಸರು ಮನೆಯಲ್ಲಿದ್ದರು.

ಒಂದು ಸಂಜೆ ಅಮ್ಮ ಬಾಗಿಲ ಬಳಿ ನಿಂತು ಕೇಳಿದಳು. "ಮರಗಳದ್ದೂ ಏನಾದ್ರೂ ಬರೆಸ್ಬೇಕೇನೇ?"

ಮರಗಳಿಗೆಂದು ಬೇರೆ ಹೇಳಿಕೆ ಕೊಡಬಹುದೆಂದು ಸೂಚನೆಗಳಲ್ಲಿ ಎಲ್ಲೋ ಓದಿದ ನೆನಪು ಮಿರ್ಸಿನಿಗೆ ಇತ್ತು. "ಮಾವ ಇದಾನಲ್ಲಮ್ಮ. ಊರಿಗೇ ಗೊತ್ತಿರೋದನ್ನ ಏನು ಬರೆಸೋದು?"

"ಅದೂ ಸರಿ," ಎಂದಳು ಅಮ್ಮ. "ಅಣ್ಣನ ಮೇಲೆ ಕಾಗದ ಮಾಡಿಸ್ಕೊಂಡು ಆಮೇಲೆ ಅವನ ಮುಖ ಹೇಗೆ ನೋಡ್ಲಿ?"

ಊರಿನ ಮನೆಮನೆಯಲ್ಲೂ ಇಂಥದೇ ಮಾತು ನಡೆದು ಇಷ್ಟಕ್ಕೇ ಮುಗಿದಿತ್ತು.

ಪ್ರೋದ್ರೋಮೊಸ್ ಆ ಚಳಿಗಾಲದಲ್ಲೇ ತೀರಿಕೊಂಡ. ನಲವತ್ತನೆಯ ದಿನದ ತಿಥಿಯ ಬೇಯಿಸಿದ ಗೋಧಿಯನ್ನು ಅಮೆರ್ಸೂದಾಳೇ ದಾಳಿಂಬೆ ಹಾಕಿ ಕಲಸಿ ಹಂಚಿದಳು. ಅವನ ಮಗ ಇಗ್ನಾಟಿಸ್ ಬಂದರು ಪಟ್ಟಣದಲ್ಲಿ ಪ್ರವಾಸಿಗರಿಗೆ ಕಾರು ಬಾಡಿಗೆ ಕೊಡುವ ವ್ಯವಹಾರ ಇಟ್ಟುಕೊಂಡಿದ್ದ. ಅಪ್ಪನ ಹೊಲದ ಕಡೆ ಅವನು ತಲೆಹಾಕಿದವನಲ್ಲ. ಈಗ ಬಂದ. ಕುರಿ ಮಾರಿದ, ಕಲ್ಲುಗೋಡೆಯ ಮೇಲೆ ತಂತಿಬೇಲಿ ಎಳೆಸಿದ, ದಾರಿಯ ಕಡೆಗೆ ಒಂದು ಕಬ್ಬಿಣದ ಗೇಟು ಇಡಿಸಿದ. ಆಡುಗಳ ಕಾಟಕ್ಕೆ ಇರಬೇಕು ಎಂದುಕೊಂಡಳು ಅಮೆರ್ಸೂದಾ.

ನವೆಂಬರಿನಲ್ಲಿ, ಶಾಲೆಯಿಲ್ಲದ ದಿನ ನೋಡಿ, ತಾಯಿ ಮಗಳಿಬ್ಬರೂ ಬಲೆ ಹೊತ್ತುಕೊಂಡು ಹೋದರು. ಗೇಟಿಗೆ ಬೀಗ ಬಿದ್ದಿತ್ತು. ಒಳಗೆ ಕೂಲಿಯವರು ಕಾಯಿ ಉದುರಿಸುವ ಯಂತ್ರ ಹಿಡಿದು ಮರಗಳ ಕೆಳಗಿದ್ದರು. ಅಮ್ಮ ಕೋಲಿನಿಂದ ಕಬ್ಬಿಣವನ್ನು ತಟ್ಟಿದಳು. ಇಗ್ನಾಟಿಸ್ ಕೈ ಒರೆಸಿಕೊಳ್ಳುತ್ತ ಬಂದು ಬೀಗ ತೆಗೆದ.

"ಅತ್ತೆ! ಬನ್ನಿ ಬನ್ನಿ. ಕಾಫಿ ಮಾಡಿಸ್ತೀನಿ. ಬಲೆ ಮಾತ್ರ ಹೊರಗಿರ್ಲಿ."

"ಬಲೆ ಹೊರಗಿಟ್ರೆ ಕಾಯಿ ಮಡಿಲಲ್ಲಿ ಹಿಡೀಲೇನೋ?" ಎಂದಳು ಅಮ್ಮ, ಇನ್ನೂ ನಗುತ್ತಲೇ.

ಅವನು ನಗಲಿಲ್ಲ. "ನೋಡಿ ಅತ್ತೆ, ಅಪ್ಪ ಇದ್ದಾಗ ನಡೀತು. ಒಡಹುಟ್ಟಿದೋಳು, ಕಷ್ಟದಲ್ಲಿದಾಳೆ ಅಂತ ಸುಮ್ನಿದ್ದ. ನಾನು ಬೇಡ ಅಂತಿಲ್ಲ, ಎಣ್ಣೆ ಬೇಕಾದ್ರೆ ಕೇಳಿ, ಕೊಡ್ತೀನಿ."

"ಕೇಳ್ಬೇಕಾ? ಇವು ನಮ್ಮಪ್ಪ ನಂಗೆ ಕೊಟ್ಟ ಮರ ಕಣೋ."

"ಇರಬಹುದು. ಆದ್ರೆ ಎಲ್ಲಿದೆ?" ಅವನು ಜೇಬಿನಿಂದ ಫೋನು ತೆಗೆದು ಅತ್ತೆಯ ಮುಂದೆ ಹಿಡಿದ. ಪರದೆಯ ತುಂಬ ಒಂದು ನೀಲಿ ಹೊಲ. "ಇಡೀ ಹೊಲ ಅಪ್ಪನ ಹೆಸರಲ್ಲಿದೆ. ಮಧ್ಯ ಒಂದು ಚುಕ್ಕೆ ಇಲ್ಲ. ಇದನ್ನ ಬರೆದವರು ನಾನಲ್ಲ, ಅತ್ತೆ. ನಿಮ್ಮ ಮಗಳು."

ಅಮ್ಮ ಫೋನಿನ ಕಡೆ ನೋಡಲಿಲ್ಲ. ಮಗಳ ಕಡೆ ನೋಡಿದಳು. ಬಲೆಯನ್ನು ಮತ್ತೆ ಹೆಗಲಿಗೆ ಹಾಕಿಕೊಂಡಳು.

ಬಂದರು ಪಟ್ಟಣದ ವಕೀಲರು ಎಲ್ಲ ಕೇಳಿ ಹೇಳಿದರು: "ಆಗ್ಲೇ ಮರಗಳನ್ನ ಬೇರೆಯಾಗಿ ಬರೆಸಿದ್ರೆ ಇಷ್ಟೆಲ್ಲ ಇರ್ತಿರ್ಲಿಲ್ಲ. ಈಗಲೂ ತಕರಾರು ಹಾಕಬಹುದು, ಕಾಲ ಮೀರಿಲ್ಲ. ಆದರೆ ಊರಿನವರು ಕೆಲವರು ಬಂದು, ಹೌದು, ಈ ಮರಗಳು ಈಕೆಯವೇ ಅಂತ ಹೇಳ್ಬೇಕು."

"ಅದೇನು ಮಹಾ? ಇಡೀ ಊರೇ ಹೇಳತ್ತೆ," ಎಂದಳು ಮಿರ್ಸಿನಿ. ಅದೇ ಸಂಜೆ ಕಾಫಿ ಅಂಗಡಿಗೆ ಹೋದಳು.

"ಅಮೆರ್ಸೂದಾಳ ಮರಾನಾ?" ಎಂದ ಥೆಮಿಸನ ತಾತ ಸ್ತ್ರಾತಿಗಿಸ್. "ಗೊತ್ತಿಲ್ದೆ ಏನು! ಅವಳ ಮದ್ವೇಲಿ ಕುಣಿದು ಚಪ್ಪಲಿ ಹರ್ಕೊಂಡವನು ನಾನು. ಒಣ ಕಡ್ಡಿ ಹಾಗಿದ್ದ ಹುಡುಗಿಗೆ ಎಂಥಾ ಮರ ಕೊಟ್ಟ ಅವಳಪ್ಪ ಅಂತ ಹೊಟ್ಟೆ ಉರ್ಕೊಂಡಿದ್ವಿ."

"ಹಾಗಾದ್ರೆ ಬಂದು ಅಷ್ಟು ಹೇಳಿ ತಾತ. ಕಾರು ನಾನೇ ಮಾಡಿಸ್ತೀನಿ."

ಮುದುಕನ ಬೆರಳಲ್ಲಿ ಆಡುತ್ತಿದ್ದ ಮಣಿಸರ ನಿಂತಿತು. ಪಕ್ಕದವರು ಲೋಟದ ತಳ ನೋಡಿದರು. ಎಲ್ಲರ ತಲೆಯ ಮೇಲೂ ಗೋಡೆಯಲ್ಲಿ ಅವರವರ ಬಣ್ಣ ಹೊಳೆಯುತ್ತಿತ್ತು.

"ಟೀಚರಮ್ಮ," ಎಂದ ಕೊನೆಗೆ ಸ್ತ್ರಾತಿಗಿಸ್. ಅದುವರೆಗೆ ಅವನು ಅವಳನ್ನು ಹೆಸರಿಟ್ಟೇ ಕರೆಯುತ್ತಿದ್ದ. "ನಾನು ಇವತ್ತು ನಿಮ್ಮಮ್ಮನ ಮರ ಅಂದ್ರೆ, ನಾಳೆ ನನ್ನ ತಂಗಿ ಬಂದು ನಿಲ್ತಾಳೆ. ನಾಡಿದ್ದು ಅವಳ ಅಳಿಯ ಬರ್ತಾನೆ, ಅವನು ಇನ್ನೂ ಕಿಲಾಡಿ. ನಿನ್ನ ನಕ್ಷೇಲಿ ನನ್ನ ಹೊಲ ಚೊಕ್ಕಟವಾಗಿದೆ. ಹಾಗೇ ಇರ್ಲಿ ಬಿಡು."

"ನಿಮ್ಮ ತಂಗಿಯವು ಎಷ್ಟು ಮರ ಇವೆ ಅಂತ ನಿಮಗೆ ಗೊತ್ತಿಲ್ವಾ?"

"ಗೊತ್ತಿರೋದಕ್ಕೇ ಹೇಳ್ತಿರೋದು."

ಯಾರೋ ಒಬ್ಬರು ಅವಳಿಗೆ ಕಾಫಿ ತರಿಸಲು ಹೋದರು. ಬೇಡವೆಂದು ಎದ್ದು ಬಂದಳು.

ಮುದುಕಿಯರಲ್ಲಿ ಕ್ರಿಸ್ತಾಲೊ ಒಬ್ಬಳು ಬರುತ್ತೇನೆಂದಳು. "ನನ್ನ ಬಾಯಿಗೆ ಯಾರು ಬೀಗ ಹಾಕ್ತಾರೆ ನೋಡ್ತೀನಿ," ಎಂದಳು. ಅವಳು ಇರುವುದು ಮಗನ ಮನೆಯಲ್ಲಿ. ಆ ಮಗನ ಹೊಲದಲ್ಲಿ ಅವನ ಅಕ್ಕನ ಮರಗಳಿದ್ದವು. ಪಟ್ಟಣಕ್ಕೆ ಹೊರಡುವ ಬೆಳಿಗ್ಗೆ ಬಸ್ಸಿನ ಬಳಿ ಕ್ರಿಸ್ತಾಲೊ ಬರಲಿಲ್ಲ. ಮೊಮ್ಮಗಳು ರಲ್ಲೂ ಬಂದಳು.

"ಅಜ್ಜಿಗೆ ಮಂಡಿ ನೋವಂತೆ ಮಿಸ್."

ಮಿರ್ಸಿನಿಗೆ ಆಗ ಇನ್ನೊಂದು ಹೊಳೆಯಿತು. ಈ ಹುಡುಗಿ ನಕ್ಷೆಯ ಪ್ರತಿ ಇಟ್ಟುಕೊಂಡಿದ್ದಳಲ್ಲವೇ? ತಾನು ಅಳಿಸುವುದಕ್ಕೂ ಮೊದಲಿನದು? ಜಗಳ ಹುಟ್ಟುವುದಕ್ಕೂ ಮುಂಚೆ ಊರಿನ ಹೆಂಗಸರೇ ನಿಂತು ತೋರಿಸಿ ಹಾಕಿಸಿದ ಚುಕ್ಕೆಗಳು. ಅದನ್ನು ತೋರಿಸಿದರೆ, ಮತ್ತೇಕೆ ಅಳಿಸಿದಿರಿ ಎಂದು ತನ್ನನ್ನು ಕೇಳುತ್ತಾರೆ. ಕೇಳಲಿ, ಎಲ್ಲರ ಮುಂದೆ ಹೇಳುತ್ತೇನೆ ಎಂದುಕೊಂಡಳು.

"ರಲ್ಲೂ, ನಿನ್ನ ಹತ್ರ ಹಳೇ ಪ್ರತಿ ಇದೆಯಲ್ವಾ? ಕೆಂಪು ಚುಕ್ಕೆ ಇರೋದು?"

"ಇತ್ತು ಮಿಸ್. ಅಪ್ಪಂಗೆ ಗೊತ್ತಾಯ್ತು. ಅಳಿಸು ಅಂದ್ರು." ಹುಡುಗಿ ರಸ್ತೆ ನೋಡುತ್ತ ಹೇಳಿದಳು. "ಅಪ್ಪಂಗೆ ಅಳಿಸೋದು ಹೇಗೆ ಅಂತ ಗೊತ್ತಿರ್ಲಿಲ್ಲ. ನಾನೇ ಅಳಿಸಿದೆ."

"ನಂಗೂ ಅಳಿಸೋಕೆ ಬರಲ್ಲ ಅಂತ ಹೇಳಬಹುದಿತ್ತಲ್ಲೇ."

"ನೀವು ಹೇಳ್ಕೊಟ್ಟಿದ್ರಲ್ಲ ಮಿಸ್," ಎಂದಳು ರಲ್ಲೂ. ಅವಳ ದನಿಯಲ್ಲಿ ಕೊಂಕಿರಲಿಲ್ಲ.

ಬಸ್ಸು ಹೊರಟಿತು. ಮಿರ್ಸಿನಿ ಹತ್ತಲಿಲ್ಲ. ಮನೆಗೆ ಬಂದಾಗ ಅಮ್ಮ ತಟ್ಟೆಯಲ್ಲಿ ಬೇಳೆ ಹರಡಿಕೊಂಡು ಕಲ್ಲು ಆರಿಸುತ್ತಿದ್ದಳು. ಮಿರ್ಸಿನಿ ಎದುರಿಗೆ ಕೂತು ಎಲ್ಲ ಹೇಳಿದಳು: ಪ್ರದರ್ಶನ, ಹೆಡ್‌ಮಾಸ್ಟರ ದಡಾರದ ಮಾತು, ಮಕ್ಕಳು ಹೋದ ಮೇಲಿನ ಕೋಣೆ.

"ನೀನೇ ಅಳಿಸಿದ್ಯಾ?" ಎಂದಳು ಅಮ್ಮ.

"ಹೂಂ."

"ಚೆನ್ನಾಗಿ ಕಾಣ್ಲಿ ಅಂತಾನಾ?"

"ಹೂಂ."

ಅಮ್ಮ ಒಂದು ಕಲ್ಲನ್ನು ಆರಿಸಿ ಪಕ್ಕಕ್ಕಿಟ್ಟಳು. ಬೈದಿದ್ದರೆ ಒಳ್ಳೆಯದಿತ್ತು ಎನಿಸಿತು ಮಿರ್ಸಿನಿಗೆ. ಅಮ್ಮ ತಟ್ಟೆಯನ್ನು ಬೆಳಕಿಗೆ ತಿರುಗಿಸಿಕೊಂಡು ಮತ್ತೆ ಬೇಳೆ ಸರಿಸತೊಡಗಿದಳು. ಆಮೇಲೆ ಆ ಮಾತನ್ನು ಅವಳು ಎತ್ತಲೇ ಇಲ್ಲ.

ತಕರಾರು ಹಾಕುವ ಕಾಲ ಕಳೆಯಿತು. ಶಾಲೆಯಲ್ಲಿ ಹೊಸ ಮಕ್ಕಳು ಬಂದು ಮನೆಯ ಮಾಡು ಹುಡುಕಿ ಕೂಗಾಡಿದರು. ಮಿರ್ಸಿನಿ ಅವರಿಗೆ ಚುಕ್ಕೆ ಹಾಕುವುದನ್ನು ಬಹಳ ಹೊತ್ತು ಕಲಿಸಿದಳು. ಮರಗಳಿಗೆ ಹಾಕಿಸಲು ಹೋದಾಗ ಅಪ್ಪಂದಿರು ಹೆಡ್‌ಮಾಸ್ಟರ ಹತ್ತಿರ ಬಂದರು. ಪಾಠ ನದಿ ಬೆಟ್ಟಗಳಿಗೆ ತಿರುಗಿತು.

ಕಾಯಿ ಕೊಯ್ಲು ಮುಗಿಯುವ ಹೊತ್ತಿಗೆ ಇಗ್ನಾಟಿಸನ ಕೂಲಿಯವನೊಬ್ಬ ಎಣ್ಣೆ ತುಂಬಿದ ದೊಡ್ಡ ಡಬ್ಬವೊಂದನ್ನು ತಂದು ಹೊಸ್ತಿಲ ಮೇಲಿಟ್ಟ. "ಯಜಮಾನ್ರು ಅತ್ತೆಗೆ ಕೊಟ್ಟು ಬಾ ಅಂದ್ರು," ಎಂದು ಹೇಳಿ ಹೋದ.

"ವಾಪಸ್ ಕಳಿಸ್ತೀನಿ," ಎಂದಳು ಮಿರ್ಸಿನಿ.

"ಕಳಿಸಿ? ಅಡುಗೆಗೆ ಏನು ಹಾಕ್ತೀಯ, ಬಹುಮಾನದ ಕಾಗದಾನಾ?" ಎಂದಳು ಅಮ್ಮ. ಅಷ್ಟು ಹೇಳಿ, ತಾನೇ ಡಬ್ಬವನ್ನು ಎಳೆದುಕೊಂಡು ಒಳಗೆ ಹೋದಳು.

ಸಂಜೆಯ ಹೊತ್ತಿಗೆ ಮುಖ ತೊಳೆದು, ಚರ್ಚಿಗೆ ಹೋಗುವ ಕಪ್ಪು ಶಾಲು ಹೊದ್ದು ಹೊರಟು ನಿಂತಳು.

"ಎಲ್ಲಿಗ್ ಹೊರಟೆ?"

"ಇಗ್ನಾಟಿಸ್‌ಗೆ ಹೇಳಿ ಬರ್ತೀನಿ."

"ಏನಂತ?"

"ಎಣ್ಣೆ ಕೊಟ್ಟವರಿಗೆ ಏನು ಹೇಳ್ತಾರೋ ಅದನ್ನ. ಇಷ್ಟು ದಿನ ಯಾರಿಗೂ ಹೇಳಿ ಗೊತ್ತಿಲ್ಲ ನಂಗೆ. ನೀನು ಓದಿದವಳು, ಹೇಗೆ ಹೇಳೋದು ಅಂತ ಹೇಳ್ಕೊಡು."

ಅಮ್ಮ ಮಗಳ ಮುಖ ನೋಡುತ್ತ ನಿಜವಾಗಿಯೂ ಕಾದು, ಆಮೇಲೆ ಮೆಟ್ಟಿಲಿಳಿದು ಹೋದಳು. ಮಿರ್ಸಿನಿ ದೂರದಿಂದ ಹಿಂಬಾಲಿಸಿದಳು. ಹೊಲದ ಗೇಟಿಗೆ ಬೀಗವಿತ್ತು. ಒಳಗೆ, ಬೇಲಿಯಿಂದ ಸ್ವಲ್ಪ ದೂರದಲ್ಲಿ, ಇಗ್ನಾಟಿಸ್ ಬೆನ್ನು ಹಾಕಿ ನಿಂತು ಗರಗಸದ ಯಂತ್ರದಿಂದ ಕೊಂಬೆ ಸವರುತ್ತಿದ್ದ. ಆ ಸದ್ದಿನಲ್ಲಿ ಕೂಗಿದರೂ ಕೇಳಿಸುವಂತಿರಲಿಲ್ಲ. ಅಮ್ಮ ಕಬ್ಬಿಣವನ್ನು ತಟ್ಟಲೂ ಇಲ್ಲ. ಶಾಲಿನ ತುದಿಯನ್ನು ಗದ್ದದ ಕೆಳಗೆ ಒಂದು ಕೈಯಲ್ಲಿ ಹಿಡಿದುಕೊಂಡು, ಅವನು ತಾನಾಗಿ ತಿರುಗಿ ನೋಡಲಿ ಎಂದು, ದಾರಿಯಲ್ಲಿ ನಿಂತಳು.